ಸಿನಿಮಾ ವಿಮರ್ಶೆಯನ್ನು ಓದುಗರು ಕೊನೆಯ ಸಾಲಿನವರೆಗೆ ಓದಬೇಕಾದರೆ ಹೇಗೆ ಬರೆಯಬೇಕು?

ಕುವೆಂಪುನಗರದ ಬರಹಗಾರ್ತಿ, ಮೈಸೂರು

ಎಲ್ಲರಿಗೂ ನಮಸ್ಕಾರ. ಮೈಸೂರಿನ ಒಂದು ಸಣ್ಣ ಕನ್ನಡ ಜಾಲತಾಣಕ್ಕೆ ಎಂಟು ತಿಂಗಳಿಂದ ವಾರಕ್ಕೊಂದು ಸಿನಿಮಾ ವಿಮರ್ಶೆ ಬರೆಯುತ್ತಿದ್ದೇನೆ. ಶುಕ್ರವಾರ ಬೆಳಗಿನ ಆಟ ನೋಡಿ, ಸಂಜೆ ಆರರೊಳಗೆ ಬರಹ ಕಳುಹಿಸಬೇಕು. ಪುಟ ತೆರೆಯುವವರು ಸಾಕಷ್ಟಿದ್ದಾರೆ, ಆದರೆ ಬಹುಪಾಲು ಜನ ಎರಡನೆಯ ಪ್ಯಾರಾ ದಾಟುವುದಿಲ್ಲವೆಂದು ಜಾಲತಾಣ ನೋಡಿಕೊಳ್ಳುವವರು ತಿಳಿಸಿದರು. ಅದಕ್ಕಿಂತ ಹೆಚ್ಚು ನನ್ನನ್ನು ಕಾಡಿದ್ದು ನಮ್ಮ ಚಿಕ್ಕಮ್ಮನ ಮಾತು. ನನ್ನ ಬರಹಗಳನ್ನು ತಪ್ಪದೆ ಓದುವ ಅವರು ಹೋದ ಭಾನುವಾರ, “ನೀನು ಬರೆದಿದ್ದನ್ನ ಓದಿದೆ ಕಣೇ, ಆದ್ರೆ ಅದು ಯಾವ ಸಿನಿಮಾದು ಅಂತ ನೆನಪಿಗೇ ಬರ್ತಿಲ್ಲ” ಎಂದರು.

ಅಂದು ರಾತ್ರಿ ಹಳೆಯ ಬರಹಗಳನ್ನೆಲ್ಲ ತೆರೆದು ಕುಳಿತೆ. ಒಂದು ವಿಮರ್ಶೆಯ ಪ್ಯಾರಾವನ್ನು ಇನ್ನೊಂದರಲ್ಲಿ ಇಟ್ಟರೂ ಯಾರಿಗೂ ಗೊತ್ತಾಗದಷ್ಟು ಅವು ಒಂದೇ ಅಚ್ಚಿನಲ್ಲಿದ್ದವು. ಇತ್ತೀಚೆಗೆ ಮಂಡ್ಯದ ಕಡೆಯ ಕಥೆಯುಳ್ಳ ಒಂದು ಸಣ್ಣ ಚಿತ್ರದ ಬಗ್ಗೆ ಬರೆದದ್ದನ್ನು ಇಲ್ಲಿ ಹಾಕುತ್ತಿದ್ದೇನೆ:

“ಹಳ್ಳಿಯ ಬದುಕಿನ ಸುತ್ತ ಹೆಣೆದಿರುವ ಈ ಚಿತ್ರದ ಕಥಾಹಂದರ ಗಟ್ಟಿಯಾಗಿದೆ. ಕಲಾವಿದರೆಲ್ಲರೂ ತಮ್ಮ ತಮ್ಮ ಪಾತ್ರಗಳಿಗೆ ನ್ಯಾಯ ಒದಗಿಸಿದ್ದಾರೆ. ಛಾಯಾಗ್ರಹಣ ಕಣ್ಣಿಗೆ ಹಬ್ಬ. ಹಿನ್ನೆಲೆ ಸಂಗೀತ ಕಥೆಗೆ ಪೂರಕವಾಗಿದೆ. ದ್ವಿತೀಯಾರ್ಧದಲ್ಲಿ ಸಂಕಲನಕಾರರ ಕತ್ತರಿ ಇನ್ನಷ್ಟು ಹರಿತವಾಗಿದ್ದರೆ ಚೆನ್ನಾಗಿರುತ್ತಿತ್ತು. ಮಂಡ್ಯದ ಸೊಗಡು ಚಿತ್ರದ ಜೀವಾಳ. ಕುಟುಂಬ ಸಮೇತ ಒಮ್ಮೆ ನೋಡಬಹುದು.”

ಇದರಲ್ಲಿ ಸುಳ್ಳೇನೂ ಇಲ್ಲ. ಹಾಗಿದ್ದೂ ಓದಿದವರ ಮನಸ್ಸಿನಲ್ಲಿ ಏಕೆ ನಿಲ್ಲುವುದಿಲ್ಲವೆಂದು ತಿಳಿದವರು ಹೇಳಬೇಕು.

ನಿವೃತ್ತ ಕನ್ನಡ ಅಧ್ಯಾಪಕ, ಮಂಡ್ಯ

ನಿಮ್ಮ ಪ್ಯಾರಾವನ್ನು ಎರಡು ಸಲ ಓದಿದೆನಮ್ಮ. ಏಳು ವಾಕ್ಯಗಳಿವೆ, ಏಳೂ ತೀರ್ಪುಗಳು. ಸಾಕ್ಷಿ ಒಂದೂ ಇಲ್ಲ. ಕಣ್ಣಿಗೆ ಹಬ್ಬವೆಂದು ಬರೆದಿದ್ದೀರಿ, ಆದರೆ ಆ ಹಬ್ಬದಲ್ಲಿ ನಿಮ್ಮ ಕಣ್ಣಿಗೆ ಬಿದ್ದದ್ದು ಏನು ಎನ್ನುವುದು ನನಗೆ ತಿಳಿಯಲಿಲ್ಲ. ನ್ಯಾಯ ಒದಗಿಸಿದರೆಂದಿರಿ, ಆ ನಟ ಏನು ಮಾಡಿದಾಗ ನಿಮಗೆ ಹಾಗೆನ್ನಿಸಿತು?

ಈ ಮಾತುಗಳು ನಿಮ್ಮ ಒಬ್ಬರ ತಪ್ಪಿನಿಂದ ಬಂದವಲ್ಲ. 1934ರಲ್ಲಿ ‘ಸತಿ ಸುಲೋಚನ’ ತೆರೆ ಕಂಡ ಮೇಲೆ ಕನ್ನಡದ ವಾಕ್ಚಿತ್ರಕ್ಕೆ ತೊಂಬತ್ತು ವರ್ಷ ತುಂಬಿದೆ. ಇಷ್ಟು ಕಾಲ ವಾರವಾರವೂ ಬರೆಯುತ್ತ ಬಂದ ಕೈಗಳಲ್ಲಿ ಕೆಲವು ನುಡಿಗಟ್ಟುಗಳು ಸವೆದು ನುಣ್ಣಗಾಗಿವೆ. ನುಣ್ಣಗಿರುವುದರಿಂದಲೇ ಬರೆಯುವವರ ಕೈಗೆ ಬೇಗ ಬರುತ್ತವೆ, ಓದುವವರ ಕಣ್ಣಿನಿಂದ ಬೇಗ ಜಾರುತ್ತವೆ.

ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು 1973ರಲ್ಲಿ ನೀನಾಸಂ ಚಿತ್ರಸಮಾಜ ಕಟ್ಟಿ, ಹಳ್ಳಿಯ ಜನರೂ ಜಗತ್ತಿನ ಒಳ್ಳೆಯ ಸಿನಿಮಾಗಳನ್ನು ನೋಡಿ ಮಾತನಾಡಬಲ್ಲರೆಂದು ತೋರಿಸಿಕೊಟ್ಟರು. ಅದನ್ನು ಕಂಡು ನಾವು ಕೆಲವರು ಅಧ್ಯಾಪಕರು ಕಾಲೇಜಿನ ಸಭಾಂಗಣದಲ್ಲಿ ತಿಂಗಳಿಗೊಮ್ಮೆ ಚಿತ್ರ ತೋರಿಸುತ್ತಿದ್ದೆವು. ಮುಗಿದ ಮೇಲೆ ಹುಡುಗರನ್ನು “ಹೇಗಿತ್ತು?” ಎಂದು ಕೇಳಿದರೆ “ಚೆನ್ನಾಗಿತ್ತು ಸಾರ್” ಎಂದು ಹೇಳಿ ಸುಮ್ಮನಾಗುತ್ತಿದ್ದರು. ಒಂದು ದಿನ ಪ್ರಶ್ನೆಯನ್ನು ಬದಲಾಯಿಸಿ, “ಈಗ ಕಣ್ಣು ಮುಚ್ಚಿದರೆ ಯಾವ ದೃಶ್ಯ ಕಾಣುತ್ತದೆ?” ಎಂದು ಕೇಳಿದೆ. ಅಂದು ಚರ್ಚೆ ರಾತ್ರಿ ಒಂಬತ್ತಾದರೂ ಮುಗಿಯಲಿಲ್ಲ. ಅದೇ ಪ್ರಶ್ನೆಯನ್ನು ನಿಮಗೂ ಕೇಳುತ್ತೇನೆ. ಆ ಚಿತ್ರವನ್ನು ನೆನೆದು ಕಣ್ಣು ಮುಚ್ಚಿದರೆ ಏನು ಕಾಣುತ್ತದೆ?

ಕುವೆಂಪುನಗರದ ಬರಹಗಾರ್ತಿ, ಮೈಸೂರು

ಮೇಷ್ಟ್ರೇ, ಎತ್ತು ಮಾರುವ ದೃಶ್ಯ ಕಾಣುತ್ತದೆ. ಅಪ್ಪ ಸಾಲ ತೀರಿಸಲು ಜೋಡಿ ಎತ್ತುಗಳನ್ನು ಮಾರುತ್ತಾನೆ. ಹಣ ಎಣಿಸಿ ಕೊಟ್ಟವನು ಎತ್ತುಗಳನ್ನು ಹೊಡೆದುಕೊಂಡು ಹೊರಡುವಾಗ ಅಪ್ಪ ಅವನನ್ನು ನಿಲ್ಲಿಸಿ, ಎತ್ತುಗಳ ಕೊರಳಿನ ಹಗ್ಗ ಬಿಚ್ಚಿ ತನ್ನ ಹೆಗಲ ಮೇಲೆ ಹಾಕಿಕೊಳ್ಳುತ್ತಾನೆ. ಮಾತಿಲ್ಲ. ರಾತ್ರಿ ಊಟಕ್ಕೆ ಕುಳಿತಾಗಲೂ ಆ ಹಗ್ಗ ಹೆಗಲ ಮೇಲೆಯೇ ಇರುತ್ತದೆ, ಹೆಂಡತಿ ಬಂದು ತೆಗೆದು ಗೂಟಕ್ಕೆ ನೇತು ಹಾಕುತ್ತಾಳೆ. ಅವನು ಆ ಹಗ್ಗ ಏಕೆ ಇಟ್ಟುಕೊಂಡನೆಂದು ನನಗೆ ಅರ್ಥವಾಗಲಿಲ್ಲ. ಅರ್ಥವಾಗದ್ದನ್ನು ಬರೆಯಬಾರದೆಂದು ಬಿಟ್ಟುಬಿಟ್ಟೆ.

ಪಾಂಡವಪುರದ ಓದುಗ

ಅಕ್ಕ, ಆ ಚಿತ್ರವನ್ನು ನಾನೂ ನೋಡಿದ್ದೇನೆ. ನಮ್ಮ ಮನೆಯಲ್ಲಿ ದನ ಮಾರಿದಾಗಲೆಲ್ಲ ನಮ್ಮ ತಾತ ಕಣ್ಣಿ ಬಿಚ್ಚಿಕೊಂಡೇ ಕಳುಹಿಸುತ್ತಿದ್ದರು. ಹಗ್ಗವನ್ನೂ ಕೊಟ್ಟರೆ ಮನೆಯ ದನದ ಭಾಗ್ಯವೇ ಹೊರಟುಹೋಗುತ್ತದೆಂದು ಹೇಳುತ್ತಿದ್ದರು. ಇನ್ನೊಂದು ಜೋಡಿ ಈ ಗೊಂತಿಗೆ ಬಂದೇ ಬರುತ್ತದೆಂಬ ಆಸೆ ಆ ಹಗ್ಗದಲ್ಲಿರುತ್ತದೆ. ಚಿತ್ರದಲ್ಲಿ ಆ ಅಪ್ಪನಿಗೆ ಇನ್ನೊಂದು ಜೋಡಿ ಕೊಳ್ಳುವ ಶಕ್ತಿಯಿಲ್ಲವೆಂದು ನಮಗೆ ಗೊತ್ತು, ಅವನಿಗೂ ಗೊತ್ತು. ನಮ್ಮ ತಾಯಿ ಅತ್ತದ್ದು ಅಲ್ಲಿಯೇ. ನಿಮ್ಮ ಬರಹದಲ್ಲಿ ನಾನು ಹುಡುಕಿದ್ದು ಆ ಹಗ್ಗವನ್ನು. ಸಿಕ್ಕಿದ್ದು “ಮಂಡ್ಯದ ಸೊಗಡು”.

ಈ ಮಾತಿನ ಬಗ್ಗೆ ನನಗೆ ನಿಜವಾದ ನೋವಿದೆ. ‘ತಿಥಿ’ ಚಿತ್ರ ನಮ್ಮ ಜಿಲ್ಲೆಯ ನೊದೆಕೊಪ್ಪಲಿನಲ್ಲಿ ಆಗಿದ್ದು. ನಟಿಸಿದವರು ವೃತ್ತಿ ಕಲಾವಿದರಲ್ಲ, ಹಳ್ಳಿಯ ಜನ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಅದಕ್ಕೆ ಎರಡು ಪ್ರಶಸ್ತಿ ಬಂತು. ಆಮೇಲೆ ಯಾವ ಚಿತ್ರದಲ್ಲಿ ಯಾರಾದರೂ “ಏನ್ಲಾ” ಎಂದರೂ ಸಾಕು, ಸೊಗಡು ಎಂಬ ಒಂದು ಪದ ಬರೆದು ಮುಂದೆ ಹೋಗುತ್ತಾರೆ. ನಮ್ಮಲ್ಲಿ ‘ಲಾ’ ಎನ್ನುವುದು ಸಮವಯಸ್ಕರಿಗೆ, ಕಿರಿಯರಿಗೆ. ಮಗ ಅಪ್ಪನಿಗೆ ಹಾಗೆಂದರೆ ಆ ಮನೆಯಲ್ಲಿ ಏನೋ ಮುರಿದಿದೆ ಎಂದರ್ಥ. ಸಂಭಾಷಣೆ ಬರೆದವರು ಅದನ್ನು ತಿಳಿದು ಬರೆದಿದ್ದಾರೋ, ಸುಮ್ಮನೆ ಉದುರಿಸಿದ್ದಾರೋ ಎಂಬುದನ್ನು ವಿಮರ್ಶಕರು ಹೇಳಿದರೆ ನಾವು ಕೊನೆಯ ಸಾಲಿನವರೆಗೂ ಓದುತ್ತೇವೆ. ಮೈಸೂರಿನವರಿಗೆ ಇದು ಗೊತ್ತಿಲ್ಲದಿದ್ದರೆ ತಪ್ಪಿಲ್ಲ. ಪಕ್ಕದ ಸೀಟಿನವರನ್ನು ಕೇಳಬಹುದು.

ಶ್ರೀರಂಗಪಟ್ಟಣದ ಗೃಹಸ್ಥ

ಇಲ್ಲಿಯ ಚರ್ಚೆ ಚೆನ್ನಾಗಿದೆ, ಆದರೆ ಒಂದು ಮಾತು ಹೇಳಲೇಬೇಕು. ನಾನು ವಿಮರ್ಶೆ ಓದುವುದು ಶನಿವಾರ ಬೆಳಿಗ್ಗೆ. ಮಧ್ಯಾಹ್ನ ಹೆಂಡತಿ ಮತ್ತು ಇಬ್ಬರು ಮಕ್ಕಳನ್ನು ಕರೆದುಕೊಂಡು ಮೈಸೂರಿಗೆ ಹೋಗಬೇಕೋ ಬೇಡವೋ ಎಂದು ತೀರ್ಮಾನಿಸಬೇಕಾಗಿರುತ್ತದೆ. ಟಿಕೆಟ್ಟು, ಪೆಟ್ರೋಲು, ಹೊರಗೆ ಊಟ ಎಲ್ಲ ಸೇರಿದರೆ ನಮ್ಮಂಥವರಿಗೆ ಅದು ಸಣ್ಣ ಖರ್ಚಲ್ಲ. ಹಗ್ಗದ ಅರ್ಥ ನನಗೂ ಬೇಕು, ಆದರೆ ಒಂಬತ್ತು ವರ್ಷದ ಮಗಳ ಜೊತೆ ಕುಳಿತು ನೋಡಬಹುದೇ ಎನ್ನುವುದು ಮೊದಲು ಬೇಕು. “ಕುಟುಂಬ ಸಮೇತ ನೋಡಬಹುದು” ಎಂದು ಓದಿ ಹೋಗಿ, ಕೊಲೆಯ ದೃಶ್ಯ ನೋಡಿದ ಮಗು ವಾರವಿಡೀ ಒಬ್ಬಳೇ ಮಲಗದೇ ಹೋದದ್ದು ನಮ್ಮ ಮನೆಯಲ್ಲಿ ನಡೆದಿದೆ.

ಜಾಲಪತ್ರಿಕೆಯೊಂದರ ಉಪಸಂಪಾದಕಿ, ಮೈಸೂರು

ಶ್ರೀರಂಗಪಟ್ಟಣದವರು ಕೇಳಿರುವುದು ನ್ಯಾಯವಾಗಿದೆ, ಅದಕ್ಕೆ ಉತ್ತರ ಚಿತ್ರ ಶುರುವಾಗುವ ಮೊದಲೇ ತೆರೆಯ ಮೇಲೆ ಬರುತ್ತದೆ. ಸೆನ್ಸಾರ್ ಮಂಡಳಿಯ ಪ್ರಮಾಣಪತ್ರದಲ್ಲಿ ವರ್ಗವೂ ಚಿತ್ರದ ಅವಧಿಯೂ ಇರುತ್ತವೆ. ಮಕ್ಕಳು ತಂದೆತಾಯಿಯ ಮಾರ್ಗದರ್ಶನದಲ್ಲಿ ನೋಡಬಹುದಾದ ‘ಯುಎ’ ವರ್ಗವನ್ನು 2024ರಿಂದ 7+, 13+, 16+ ಎಂದು ವಯಸ್ಸಿನ ಪ್ರಕಾರ ಮೂರಾಗಿ ಒಡೆದಿದ್ದಾರೆ. ಅದನ್ನು ಗುರುತು ಹಾಕಿಕೊಂಡು, ಏಕೆ ಆ ವರ್ಗ ಬಂದಿರಬಹುದೆಂದು ಒಂದು ವಾಕ್ಯದಲ್ಲಿ ಹೇಳಿದರೆ ತಂದೆತಾಯಿಗೆ ಬೇಕಾದದ್ದು ಸಿಕ್ಕಿತು. ಕುಟುಂಬವೆಂದರೆ ಯಾರ ಕುಟುಂಬ, ಮಕ್ಕಳ ವಯಸ್ಸೆಷ್ಟು ಎಂಬುದು ಬರೆಯುವವರಿಗೆ ತಿಳಿಯದು. ಆದ್ದರಿಂದ ತೆರೆಯ ಮೇಲೆ ಏನಿದೆ ಎಂದು ತಿಳಿಸಿ, ತೀರ್ಮಾನವನ್ನು ಅವರಿಗೆ ಬಿಡುವುದು ಒಳ್ಳೆಯದು.

ನಾನು ತಿದ್ದುವ ಬರಹಗಳಲ್ಲಿ ಹೆಚ್ಚಿನವು ಮೊದಲ ಪ್ಯಾರಾದಲ್ಲಿಯೇ ಸೋಲುತ್ತವೆ. ನಿರ್ಮಾಪಕರ ಹೆಸರು, ನಾಯಕರ ಎಷ್ಟನೆಯ ಚಿತ್ರ, ಚಿತ್ರೀಕರಣ ಎಲ್ಲಿ ನಡೆಯಿತು ಎಂಬ ವಿವರಗಳೇ ಮೊಬೈಲಿನ ಪರದೆ ತುಂಬಿಕೊಂಡಿರುತ್ತವೆ. ಬಸ್ಸಿನಲ್ಲಿ ನಿಂತು ಓದುವವರು ಅಷ್ಟರಲ್ಲಿ ಬೇರೆ ಪುಟಕ್ಕೆ ಹೋಗಿರುತ್ತಾರೆ. ಎತ್ತು ಮಾರುವ ದೃಶ್ಯದಿಂದಲೇ ಶುರುಮಾಡಿದ್ದರೆ ನಿಮ್ಮ ಚಿಕ್ಕಮ್ಮ ಆ ಚಿತ್ರವನ್ನು ಮರೆಯುತ್ತಿರಲಿಲ್ಲ. ಚಿತ್ರದ ಹೆಸರನ್ನು ಮಾತ್ರ ಪೋಸ್ಟರಿನಲ್ಲಿರುವ ಕಾಗುಣಿತದಲ್ಲಿಯೇ ಮೊದಲ ಎರಡು ವಾಕ್ಯಗಳೊಳಗೆ ತನ್ನಿ, ಹುಡುಕಿಕೊಂಡು ಬರುವವರಿಗೆ ಅನುಕೂಲವಾಗುತ್ತದೆ.

ಇನ್ನು ಕಾನೂನಿನ ವಿಷಯ. ವಿಮರ್ಶೆಗಾಗಿ ಕೃತಿಯ ಭಾಗವನ್ನು ಮಿತವಾಗಿ, ನ್ಯಾಯವಾಗಿ ಬಳಸಿಕೊಳ್ಳಲು 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ಅವಕಾಶ ಕೊಡುತ್ತದೆ. ಹಾಗೆಂದು ಚಿತ್ರಮಂದಿರದಲ್ಲಿ ಮೊಬೈಲ್ ಹಿಡಿದು ದೃಶ್ಯ ಸೆರೆಹಿಡಿಯಬೇಡಿ. ಸಿನಿಮಾಟೋಗ್ರಾಫ್ ಕಾಯ್ದೆಗೆ 2023ರಲ್ಲಿ ತಿದ್ದುಪಡಿಯಾದ ಮೇಲೆ ಅದಕ್ಕೆ 3 ತಿಂಗಳಿಂದ 3 ವರ್ಷದವರೆಗೆ ಸೆರೆವಾಸ ಮತ್ತು ಕನಿಷ್ಠ 3 ಲಕ್ಷ ರೂಪಾಯಿ ದಂಡವಿದೆ. ಬರಹಕ್ಕೆ ಚಿತ್ರ ಬೇಕಾದರೆ ತಂಡದ ಪ್ರಚಾರ ನೋಡಿಕೊಳ್ಳುವವರನ್ನು ಕೇಳಿ, ಸಂತೋಷವಾಗಿ ಕಳುಹಿಸುತ್ತಾರೆ. ಅವರಿಂದ ಟಿಕೆಟ್ಟು, ಪ್ರಯಾಣ, ಹಣ ಯಾವುದನ್ನಾದರೂ ಪಡೆದಿದ್ದರೆ ಅದನ್ನು ಬರಹದಲ್ಲಿ ಕಾಣುವಂತೆ ತಿಳಿಸಿ. ಜಾಹೀರಾತು ಮಾನದಂಡ ಮಂಡಳಿ 2021ರಲ್ಲಿ ಸಾಮಾಜಿಕ ಜಾಲತಾಣಗಳಲ್ಲಿ ಪ್ರಚಾರ ಮಾಡುವವರಿಗೆ ಇದನ್ನು ನಿಯಮವಾಗಿಯೇ ಮಾಡಿದೆ. ವಿಮರ್ಶಕರು ನಿಯಮಕ್ಕಾಗಿ ಕಾಯದೆ ಮಾಡಬೇಕಾದ ಕೆಲಸವದು.

ಸಂಕಲನ ವಿಭಾಗದ ಸಹಾಯಕ, ಬೆಂಗಳೂರು (ಹುಟ್ಟೂರು ಮೈಸೂರು)

ಕತ್ತರಿಯ ಮಾತಿಗೆ ಉತ್ತರ ಕೊಡಲು ಬಂದಿದ್ದೇನೆ. ಚಿತ್ರ ನಿಧಾನವೆನ್ನಿಸಿದರೆ ಸಂಕಲನಕಾರರ ಕತ್ತರಿ ಮೊಂಡಾಯಿತೆಂದು ಬರೆಯುವುದು ರೂಢಿಯಾಗಿದೆ. ನಮ್ಮ ಮೇಜಿನ ಮೇಲೆ ಏನೇನು ಬಂದಿತ್ತು, ಏನನ್ನು ತೆಗೆದೆವು ಎಂಬುದು ಪ್ರೇಕ್ಷಕರಿಗೆ ಕಾಣುವುದಿಲ್ಲ. ಒಂದು ಹಾಡನ್ನು ತೆಗೆದರೆ ಚಿತ್ರಕ್ಕೆ ಒಳ್ಳೆಯದೆಂದು ಇಡೀ ವಿಭಾಗ ಹೇಳಿದರೂ, ಅದಕ್ಕೆ ಖರ್ಚಾದ ಹಣದ ಕಾರಣಕ್ಕೆ ಅದು ಉಳಿಯುತ್ತದೆ. ಚಿತ್ರಕಥೆಯಲ್ಲಿಯೇ ಒಂದೇ ವಿಷಯವನ್ನು ಮೂರು ದೃಶ್ಯಗಳು ಹೇಳುತ್ತಿದ್ದರೆ ಎಷ್ಟು ಕತ್ತರಿಸಿದರೂ ಎಳೆದಂತೆಯೇ ಇರುತ್ತದೆ. ದಯವಿಟ್ಟು ಕತ್ತರಿಯನ್ನು ದೂರುವ ಮೊದಲು, ಬೇಸರ ಶುರುವಾದದ್ದು ಯಾವ ದೃಶ್ಯದಲ್ಲಿ ಎಂದು ಗುರುತಿಸಿ. “ಮಗ ಊರು ಬಿಡುವ ತೀರ್ಮಾನ ಮಾಡಿಯಾಗಿದೆ, ಆಮೇಲೂ ಇಪ್ಪತ್ತು ನಿಮಿಷ ಎಲ್ಲರೂ ಅದನ್ನೇ ಚರ್ಚಿಸುತ್ತಾರೆ” ಎಂದು ಬರೆದರೆ ಚಿತ್ರಕಥೆ ಬರೆದವರಿಗೂ ನಮಗೂ ಓದುಗರಿಗೂ ಉಪಯೋಗವಾಗುತ್ತದೆ.

ಒಳ್ಳೆಯ ಸಂಕಲನವನ್ನು ಹಿಡಿಯುವುದೂ ಸಾಧ್ಯವಿದೆ. ಎತ್ತಿನ ದೃಶ್ಯದಲ್ಲಿ ಹಣ ಎಣಿಸುವಾಗ ನಿಮಗೆ ಅಪ್ಪನ ಮುಖ ತೋರಿಸಿದರೋ, ಎತ್ತಿನ ಕಣ್ಣು ತೋರಿಸಿದರೋ, ನೋಟುಗಳನ್ನು ತೋರಿಸಿದರೋ ಎಂದು ನೆನಪಿಸಿಕೊಳ್ಳಿ. ಆ ಆಯ್ಕೆಯೇ ನಮ್ಮ ಕೆಲಸ.

ಹಳೆಯ ಆಪರೇಟರ್, ಮಂಡ್ಯ

ನಾನು ಹೆಚ್ಚು ಓದಿದವನಲ್ಲ. ಇಪ್ಪತ್ತೆರಡು ವರ್ಷ ಪ್ರೊಜೆಕ್ಟರ್ ಕೋಣೆಯಲ್ಲಿದ್ದೆ. ಕಾರ್ಬನ್ ಕಡ್ಡಿ ಉರಿಸಿ ಬೆಳಕು ಮಾಡುತ್ತಿದ್ದ ಕಾಲದಲ್ಲಿ ಸೇರಿದವನು. ಎರಡು ಸಾವಿರ ಅಡಿಯ ರೀಲು ಇಪ್ಪತ್ತು ನಿಮಿಷದ ಮೇಲೆ ಸ್ವಲ್ಪ ಓಡುತ್ತದೆ. ತೆರೆಯ ಬಲಗಡೆ ಮೇಲಿನ ಮೂಲೆಯಲ್ಲಿ ಚುಕ್ಕೆ ಬಿದ್ದ ಕೂಡಲೇ ಮುಂದಿನ ರೀಲು ಹಾಕಿಟ್ಟ ಎರಡನೆಯ ಮೆಷಿನ್ ಚಾಲೂ ಮಾಡಬೇಕು. ಹಾಗೆ ಒಂದೊಂದು ಚಿತ್ರವನ್ನು ದಿನಕ್ಕೆ ನಾಲ್ಕು ಸಲ, ವಾರಗಟ್ಟಲೆ ನೋಡಿದ್ದೇನೆ. ಗಾಜಿನ ಕಿಂಡಿಯಿಂದ ತೆರೆ ಕಾಣುತ್ತದೆ, ಜನರ ತಲೆಯೂ ಕಾಣುತ್ತದೆ. ಚಿತ್ರ ಎಲ್ಲಿ ಬಿಗಿ ಕಳೆದುಕೊಳ್ಳುತ್ತದೆಂದು ನನಗೆ ಕುರ್ಚಿಯ ಸದ್ದಿನಿಂದಲೇ ಗೊತ್ತಾಗುತ್ತಿತ್ತು. ಜನ ಕೆಮ್ಮಲು ಶುರುಮಾಡುತ್ತಾರೆ, ಮಕ್ಕಳು ನೀರು ಕೇಳುತ್ತಾರೆ, ಸೀಟುಗಳು ಕಿರುಗುಟ್ಟುತ್ತವೆ. ಚಿತ್ರ ಹಿಡಿದಿಟ್ಟಿದ್ದರೆ ಆರು ನೂರು ಜನರಿದ್ದರೂ ಫ್ಯಾನಿನ ಸದ್ದು ಮಾತ್ರ. ಬರೆಯುವವರು ಅದನ್ನೂ ಕಿವಿಗೊಟ್ಟು ಕೇಳಬೇಕು. ಆದರೆ ಶಿಳ್ಳೆ ಲೆಕ್ಕಕ್ಕೆ ಬರುವುದಿಲ್ಲ, ಮೊದಲ ಆಟದಲ್ಲಿ ಶಿಳ್ಳೆ ಇದ್ದೇ ಇರುತ್ತದೆ.

ಇನ್ನೊಂದು ವಿಷಯ ಯಾರೂ ಬರೆಯುವುದಿಲ್ಲ. “ಛಾಯಾಗ್ರಹಣ ಕತ್ತಲು ಕತ್ತಲಾಗಿದೆ” ಎಂದು ಒಬ್ಬರು ಒಂದು ಚಿತ್ರದ ಬಗ್ಗೆ ಬರೆದಿದ್ದರು. ಅವರು ನೋಡಿದ ಚಿತ್ರಮಂದಿರದಲ್ಲಿ ದೀಪದ ಆಯುಸ್ಸು ಮುಗಿದು ತಿಂಗಳುಗಳಾಗಿದ್ದವು. ಡಿಜಿಟಲ್ ಪ್ರದರ್ಶನಕ್ಕೆ ತೆರೆಯ ಮಧ್ಯದಲ್ಲಿ ಚದರ ಮೀಟರಿಗೆ 48 ಕ್ಯಾಂಡೆಲಾ ಬೆಳಕು ಇರಬೇಕೆಂದು ಅಳತೆಯಿದೆ. ದೀಪ ಹಳೆಯದಾದರೆ, ತೆರೆ ಧೂಳು ಹಿಡಿದರೆ ಅದು ಇಳಿಯುತ್ತದೆ. ಅಕ್ಕಪಕ್ಕದ ಸ್ಪೀಕರು ಕೆಟ್ಟಿದ್ದರೆ ಹಾಡು ಪೇಲವವಾಗುತ್ತದೆ, ನಡುವಿನದು ಕೆಟ್ಟಿದ್ದರೆ ಮಾತೇ ಕೇಳುವುದಿಲ್ಲ. ಚಿತ್ರಕ್ಕೆ ಮುಂಚೆ ಬರುವ ಜಾಹೀರಾತುಗಳೂ ಮಂಕಾಗಿದ್ದರೆ ತಪ್ಪು ಕ್ಯಾಮೆರಾದವರದ್ದಲ್ಲ. ಸಂದೇಹ ಬಂದರೆ ಬೇರೆ ಚಿತ್ರಮಂದಿರದಲ್ಲಿ ನೋಡಿ ಬರೆಯಿರಿ. ಒಬ್ಬ ಮನುಷ್ಯನ ವರ್ಷದ ದುಡಿಮೆ ಅದು.

ಕುವೆಂಪುನಗರದ ಬರಹಗಾರ್ತಿ, ಮೈಸೂರು

ಆಪರೇಟರ್ ಅಣ್ಣ, ನೀವು ಬರೆದದ್ದನ್ನು ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ನಾನೇ ಎರಡು ಸಲ ಛಾಯಾಗ್ರಹಣವನ್ನು ಮಂಕೆಂದು ಬರೆದಿದ್ದೇನೆ, ಎರಡೂ ಚಿತ್ರಗಳನ್ನು ಒಂದೇ ಚಿತ್ರಮಂದಿರದಲ್ಲಿ ನೋಡಿದ್ದು. ಈ ವಾರವೇ ಅದನ್ನು ಸರಿಪಡಿಸುತ್ತೇನೆ.

ಕಥೆಯನ್ನು ಎಷ್ಟು ಹೇಳಬೇಕೆಂಬುದರಲ್ಲಿ ಇನ್ನೂ ಗೊಂದಲವಿದೆ. ಹಗ್ಗದ ದೃಶ್ಯ ಹೇಳಿದರೆ ಎತ್ತು ಮಾರಿದ ಗುಟ್ಟು ಬಿಟ್ಟುಕೊಟ್ಟಂತಾಗುವುದಿಲ್ಲವೇ?

ನಿವೃತ್ತ ಕನ್ನಡ ಅಧ್ಯಾಪಕ, ಮಂಡ್ಯ

ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಆಡುತ್ತಾರೆ. ದುರ್ಯೋಧನನ ತೊಡೆ ಮುರಿಯುತ್ತದೆಂದು ಮುಂದೆ ಚಾಪೆ ಹಾಸಿಕೊಂಡು ಕುಳಿತ ಮಗುವಿಗೂ ಗೊತ್ತು. ಆದರೂ ಬೆಳಗಿನ ಜಾವದವರೆಗೆ ಜನ ಕದಲುವುದಿಲ್ಲ. ಈ ಸಲದ ದುರ್ಯೋಧನ ಆ ಕಂದಪದ್ಯವನ್ನು ಹೇಗೆ ಎತ್ತುತ್ತಾನೆ, ಹಾರ್ಮೋನಿಯಂ ಮೇಷ್ಟ್ರು ಅವನ ಶ್ರುತಿಯನ್ನು ಹೇಗೆ ಹಿಡಿದುಕೊಳ್ಳುತ್ತಾರೆ ಎನ್ನುವುದಕ್ಕೆ ಕಾಯುತ್ತಾರೆ. ಅಂಥ ಚಿತ್ರಗಳಿವೆ. ಅವುಗಳಲ್ಲಿ ಏನಾಗುತ್ತದೆಂದು ಹೇಳಿದರೆ ನಷ್ಟವಿಲ್ಲ, ಹೇಗಾಗುತ್ತದೆ ಎನ್ನುವುದರಲ್ಲಿ ರಸವಿದೆ. ಪತ್ತೇದಾರಿ ಕಥೆಗೆ ಈ ಮಾತು ಸಲ್ಲುವುದಿಲ್ಲ. ಅಲ್ಲಿ ಪ್ರೇಕ್ಷಕರು ಹಣ ಕೊಟ್ಟು ಕೊಂಡಿರುವುದು ತಿಳಿಯದೆ ಇರುವ ಸುಖವನ್ನು, ಅದನ್ನು ಕಸಿಯುವ ಹಕ್ಕು ವಿಮರ್ಶಕರಿಗಿಲ್ಲ. ನಿಮ್ಮ ಚಿತ್ರದಲ್ಲಿ ಎತ್ತು ಮಾರುವುದು ಯಾವಾಗ ಬರುತ್ತದೆ?

ಕುವೆಂಪುನಗರದ ಬರಹಗಾರ್ತಿ, ಮೈಸೂರು

ಮಧ್ಯಂತರಕ್ಕೆ ಬಹಳ ಮುಂಚೆ, ಮೇಷ್ಟ್ರೇ. ಚಿತ್ರ ಶುರುವಾಗಿ ಅರ್ಧ ಗಂಟೆಯೂ ಆಗಿರಲಿಲ್ಲ.

ನಿವೃತ್ತ ಕನ್ನಡ ಅಧ್ಯಾಪಕ, ಮಂಡ್ಯ

ಹಾಗಾದರೆ ಧಾರಾಳವಾಗಿ ಹೇಳಿ. ಮಧ್ಯಂತರದ ಆಚೆಯ ತಿರುವುಗಳನ್ನು ಮಾತ್ರ ಮುಟ್ಟಬೇಡಿ. ಮತ್ತೆ, ಕತ್ತಲೆಯಲ್ಲಿ ಟಿಪ್ಪಣಿ ಮಾಡಿಕೊಳ್ಳುವ ಅಭ್ಯಾಸವಿದೆಯೇ? ಮೊಬೈಲ್ ಬೇಡ, ಹಿಂದಿನವರ ಕಣ್ಣಿಗೆ ಬೆಳಕು ಚುಚ್ಚುತ್ತದೆ. ಅಂಗೈಯಗಲದ ಪುಸ್ತಕದಲ್ಲಿ ಪುಟಕ್ಕೆ ಒಂದೇ ಪದ, ದೊಡ್ಡ ಅಕ್ಷರದಲ್ಲಿ, ನೋಡದೆಯೇ ಬರೆಯಬೇಕು. “ಹಗ್ಗ.” “ಗೂಟ.” ಹೊರಗೆ ಬಂದು ಟೀ ಕುಡಿಯುತ್ತ ಬಿಡಿಸಿಕೊಂಡರೆ ದೃಶ್ಯ ಪೂರ್ತಿ ಮರಳಿ ಬರುತ್ತದೆ.

ಪಾಂಡವಪುರದ ಓದುಗ

ಒಂದು ಕೋರಿಕೆ. ಸಣ್ಣ ಚಿತ್ರಗಳು ನಮ್ಮ ಕಡೆ ಒಂದು ವಾರ ನಿಂತರೆ ಹೆಚ್ಚು, ಕೆಲವು ಸೋಮವಾರವೇ ಎತ್ತಂಗಡಿಯಾಗುತ್ತವೆ. ದೊಡ್ಡ ನಾಯಕರ ಚಿತ್ರಕ್ಕೆ ನಿಮ್ಮ ವಿಮರ್ಶೆ ತಡವಾಗಿ ಬಂದರೂ ನಡೆಯುತ್ತದೆ. ಎರಡೂ ಒಂದೇ ದಿನ ಬಿಡುಗಡೆಯಾದರೆ ಸಣ್ಣದನ್ನು ಮೊದಲು ನೋಡಿ ಬರೆಯಿರಿ, ಅಕ್ಕ.

ಕುವೆಂಪುನಗರದ ಬರಹಗಾರ್ತಿ, ಮೈಸೂರು

ಆ ಕೋರಿಕೆಯನ್ನು ಒಪ್ಪಿಕೊಂಡಿದ್ದೇನೆ. ನಿನ್ನೆ ಅದೇ ಚಿತ್ರವನ್ನು ಬೇರೆ ಚಿತ್ರಮಂದಿರದಲ್ಲಿ ಮತ್ತೊಮ್ಮೆ ನೋಡಿ ಬಂದು ಮೊದಲ ಪ್ಯಾರಾವನ್ನು ಹೊಸದಾಗಿ ಬರೆದೆ. ತಪ್ಪಿದ್ದರೆ ತಿದ್ದಿ:

“ಹಣ ಎಣಿಸಿಕೊಂಡ ಅಪ್ಪ ಎತ್ತುಗಳ ಕೊರಳಿನಿಂದ ಕಣ್ಣಿ ಬಿಚ್ಚಿ ಹೆಗಲಿಗೆ ಹಾಕಿಕೊಳ್ಳುತ್ತಾನೆ. ದನ ಮಾರಿದರೂ ಹಗ್ಗ ಮಾರಬಾರದೆಂಬ ನಂಬಿಕೆ ಮಂಡ್ಯದ ಕಡೆಯ ರೈತರ ಮನೆಗಳಲ್ಲಿದೆ, ಹಗ್ಗವಿದ್ದರೆ ಇನ್ನೊಂದು ಜೋಡಿ ಬರುತ್ತದೆ. ಚಿತ್ರ ಇದನ್ನು ಮಾತಿನಲ್ಲಿ ವಿವರಿಸುವುದಿಲ್ಲ. ನೋಟು ಎಣಿಸುವಷ್ಟು ಹೊತ್ತೂ ಕ್ಯಾಮೆರಾ ಅವನ ಬೆರಳುಗಳನ್ನು ಬಿಟ್ಟು ಕದಲುವುದಿಲ್ಲ, ಎತ್ತುಗಳು ಹೋಗುವುದು ನಮಗೆ ಕೊರಳ ಗಂಟೆಯ ಸದ್ದಿನಲ್ಲಿ ಮಾತ್ರ ತಿಳಿಯುತ್ತದೆ. ಇಷ್ಟು ನಂಬಿಕೆಯಿಂದ ಶುರುವಾಗುವ ಚಿತ್ರ, ಮಗ ಊರು ಬಿಡುವ ತೀರ್ಮಾನ ಮಾಡಿದ ಮೇಲೆ ಅದನ್ನೇ ನಾಲ್ಕು ಜನರ ಬಾಯಲ್ಲಿ ಮತ್ತೆ ಮತ್ತೆ ಹೇಳಿಸಿ ತನ್ನ ಮೌನವನ್ನು ತಾನೇ ಕಳೆದುಕೊಳ್ಳುತ್ತದೆ.”

ಸಂಕಲನ ವಿಭಾಗದ ಸಹಾಯಕ, ಬೆಂಗಳೂರು (ಹುಟ್ಟೂರು ಮೈಸೂರು)

ಗಂಟೆಯ ಸದ್ದನ್ನು ಹಿಡಿದಿರಲ್ಲ, ಧನ್ಯವಾದಗಳು. ಅದನ್ನು ಶಬ್ದ ವಿನ್ಯಾಸ ಮಾಡಿದವರ ಹೆಸರನ್ನು ಕೊನೆಯ ಪಟ್ಟಿಯಲ್ಲಿ ನೋಡಿ ಬರೆದರೆ, ಒಂದು ಮನೆಯಲ್ಲಿ ಆ ಪುಟವನ್ನು ಉಳಿಸಿಕೊಳ್ಳುತ್ತಾರೆ.

ನಿವೃತ್ತ ಕನ್ನಡ ಅಧ್ಯಾಪಕ, ಮಂಡ್ಯ

“ತನ್ನ ಮೌನವನ್ನು ತಾನೇ ಕಳೆದುಕೊಳ್ಳುತ್ತದೆ” ಎನ್ನುವುದು ತೀರ್ಪು, ಆದರೆ ಈಗ ಅದರ ಹಿಂದೆ ಸಾಕ್ಷಿಯಿದೆ. “ನಂಬಿಕೆ” ಎರಡು ಸಲ ಬಂದಿದೆ, ಎರಡನೆಯ ಕಡೆ “ಧೈರ್ಯ” ಎಂದು ಮಾಡಿ.

ಕುವೆಂಪುನಗರದ ಬರಹಗಾರ್ತಿ, ಮೈಸೂರು

ಧೈರ್ಯ ಎಂದು ತಿದ್ದಿದೆ, ಮೇಷ್ಟ್ರೇ. ಶಬ್ದ ವಿನ್ಯಾಸಕರ ಹೆಸರು ಎರಡು ಸಲ ನೋಡಿಯೂ ತಪ್ಪಿಹೋಗಿತ್ತು, ದೀಪ ಹಾಕಿದ ಕೂಡಲೇ ಎದ್ದುಬಿಟ್ಟಿದ್ದೆ. ತಂಡದವರಿಗೆ ಫೋನ್ ಮಾಡಿ ಕೇಳಿಕೊಂಡೆ, ಬರಹಕ್ಕೆ ಸೇರಿಸಿದ್ದೇನೆ. ಪರಿಷ್ಕರಿಸಿದ ವಿಮರ್ಶೆ ಇಂದು ಸಂಜೆ ಪ್ರಕಟವಾಗುತ್ತದೆ. ಚಿಕ್ಕಮ್ಮನಿಗೆ ಮೊದಲು ಕಳುಹಿಸುತ್ತೇನೆ.